ಐವತ್ತೊಂದಕ್ಕೆ ಕಾರಣ

ಸಂತೋಷ ತುಂಬಿದ ಮನೆಯಲ್ಲಿ ತಾನೊಬ್ಬಳೇ ಕಳ್ಳಿಯ ಹಾಗೆ ಓಡಾಡುತ್ತಿದ್ದೇನೆ ಎಂದು ನಸ್ರೀನಳಿಗೆ ಅನ್ನಿಸತೊಡಗಿ ಇವತ್ತಿಗೆ ಹನ್ನೆರಡು ದಿನ. ದೇಶಕ್ಕೇ ಹೆಸರಾದ ಬಿಜಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ ಎಂಬ ಪತ್ರ ಫೋನಿಗೆ ಬಂದದ್ದೂ ಹನ್ನೆರಡು ದಿನದ ಹಿಂದೆಯೇ. ಆವತ್ತಿನಿಂದ ಅವಳ ಅಬ್ಬಾ ಜಂಗ್ಲಿಸಾಬ್, ಬೇರೆಯವರ ಕೆಲಸವನ್ನೆಲ್ಲ ಗೋಡೆಗೆ ಒರಗಿಸಿಟ್ಟು, ಮಗಳಿಗಾಗಿ ಒಂದು ತಗಡಿನ ಟ್ರಂಕು ಬಡಿಯುತ್ತ ಕೂತಿದ್ದ. ಮಸ್ಕಿಯಲ್ಲಿ ಟ್ರಂಕು ಬಡಿಯುವವನು ಈಗ ಅವನೊಬ್ಬನೇ. ಸಪ್ಪಳ ಕೇಳಿ ಬಂದವರಿಗೆಲ್ಲ ಅದು ಯಾರ ಟ್ರಂಕು, ಆಕೆ ಎಲ್ಲಿಗೆ ಹೋಗುತ್ತಾಳೆ ಎಂದು ಹೇಳುವುದರಲ್ಲೇ ಅವನ ಅರ್ಧ ದಿನ ಕಳೆಯುತ್ತಿತ್ತು. ಈಗಿನ ಮಕ್ಕಳು ಗಾಲಿಯ ಬ್ಯಾಗು ಎಳೆದುಕೊಂಡು ಹೋಗುತ್ತಾರೆ, ಟ್ರಂಕು ಹೊತ್ತುಕೊಂಡು ಯಾರೂ ಹೋಗುವುದಿಲ್ಲ ಎಂದು ಅವನಿಗೆ ಹೇಳುವ ಧೈರ್ಯ ಅವಳಿಗಾಗಲಿಲ್ಲ. ಇವತ್ತು ಬೆಳಿಗ್ಗೆ ಹೊರಡುವಾಗ ನೋಡಿದರೆ ಹಸಿರು ಬಣ್ಣದ ಮುಚ್ಚಳದ ಮೇಲೆ ಬಿಳಿಯ ಅಕ್ಷರದಲ್ಲಿ ಅವಳ ಹೆಸರು, ಅದರ ಮುಂದೆ ಎಂ.ಬಿ.ಎ. "ಇನ್ನಾ ಹೋಗೇ ಇಲ್ಲಲ್ಲಬ್ಬಾ" ಎಂದಳು. ಅಂಗಡಿಯಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳಿಗೂ ಕೇಳಲಿ ಎಂದು ಅಬ್ಬಾ ಕನ್ನಡದಲ್ಲೇ ಅಂದ: "ಬಣ್ಣ ಒಣಗಾಕ ಟೈಮ್ ಬೇಕಲ್ಲವಾ. ಅಷ್ಟರಾಗ ಮುಗಸ್ಕೊಂಡು ಬರ್ತಿ ಬಿಡು." ಗಿರಾಕಿಗಳು ನಕ್ಕರು. ಅವಳೂ ನಕ್ಕಳು. ನಗುತ್ತಲೇ ಹೆಗಲ ಚೀಲವನ್ನು ಮುಟ್ಟಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿಗೆ ತಾನೂ ಸೇರಿದೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಚೀಲದಲ್ಲಿದ್ದದ್ದು ಒಂದೇ ಒಂದು ಹಾಳೆ. ಬಸ್‌ಸ್ಟ್ಯಾಂಡಿನ ಮುಂದಿನ ಝೆರಾಕ್ಸ್ ಅಂಗಡಿಯಲ್ಲಿ ತಾನೇ ಕೂತು ಟೈಪ್ ಮಾಡಿಸಿದ್ದು. ಮುಕ್ಕುಂದ ಗ್ರಾಮದ ನರಸಣ್ಣ ಎಂಬ ರೈತನಾದ ನಾನು ಬರೆದುಕೊಡುವುದೇನೆಂದರೆ, ಕುಮಾರಿ ನಸ್ರೀನ್ ಇವರು ಡಿಗ್ರಿ ಓದುತ್ತಿದ್ದ ಮೂರು ವರ್ಷವೂ ತಾಯಿಯ ಜೊತೆ ನನ್ನ ಗದ್ದೆಯಲ್ಲಿ ಭತ್ತದ ನಾಟಿ ಮಾಡಿದ್ದು ನಿಜವಿರುತ್ತದೆ. ಕೆಳಗೆ ಸಹಿಗೆ ಜಾಗ. ನಿಜವಿರುತ್ತದೆ ಎಂಬ ಪದವನ್ನು ಟೈಪ್ ಮಾಡುವಾಗ ಅಂಗಡಿಯವನು ಎರಡು ಸಲ ತಪ್ಪು ಮಾಡಿ ಎರಡು ಸಲ ತಿದ್ದಿದ್ದ, ಅವಳು ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರವಾಗಿ ಹೇಳಿಕೊಟ್ಟಿದ್ದಳು. ಮಾರ್ಚಿನಲ್ಲಿ ಹೈದರಾಬಾದಿನ ತಣ್ಣನೆಯ ಕೋಣೆಯೊಂದರಲ್ಲಿ ಮೂವರು ಅವಳ ಸಂದರ್ಶನ ಮಾಡಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಮೇಲೆ ನಡುವೆ ಕೂತಿದ್ದ ನರೆಗೂದಲಿನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೈಯುವ ಧ್ವನಿಯಲ್ಲಿ ಅಲ್ಲ, ಮನೆಯ ಹಿರಿಯರು ಕೇಳುವ ಹಾಗೆ ಕೇಳಿದ್ದರು: ನಮ್ಮ ಪ್ರವೇಶ ಪರೀಕ್ಷೆಯಲ್ಲಿ ನೂರರಲ್ಲಿ ತೊಂಬತ್ತೆಂಟು ಜನರನ್ನು ಹಿಂದೆ ಹಾಕಿದ್ದೀರಿ, ಬಿ.ಕಾಂ.ನಲ್ಲಿ ಮಾತ್ರ ಐವತ್ತೊಂದು, ಅಲ್ಲಿ ಏನಾಗಿತ್ತು? ಅವಳು ಯೋಚಿಸಲೇ ಇಲ್ಲ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು, ಅಮ್ಮಿಯ ಜೊತೆ ಗದ್ದೆಗೆ ನಾಟಿಗೆ ಹೋಗುತ್ತಿದ್ದೆ ಸರ್. ಮೂವರೂ ಸುಮ್ಮನಾದರು. ಆ ಮೌನದಲ್ಲಿ ಎಷ್ಟೊಂದು ಗೌರವವಿತ್ತು! ಅದನ್ನು ನೆನೆದರೆ ಇವತ್ತಿಗೂ ಮೈ ಬೆಚ್ಚಗಾಗುತ್ತದೆ, ಮರುಕ್ಷಣ ನಾಚಿಕೆಯಾಗುತ್ತದೆ. ಮೇಜಿನ ಮೇಲಿದ್ದ ಮೆತ್ತನೆಯ ಕೈಗಳನ್ನು ಅವಳು ಮೆಲ್ಲಗೆ ತೊಡೆಯ ಮೇಲಕ್ಕೆ ಎಳೆದುಕೊಂಡಿದ್ದಳು. ಈಗ ಆ ಸ್ಕೂಲಿನವರು, ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ, ಸಂದರ್ಶನದಲ್ಲಿ ಹೇಳಿದ ಕೆಲಸಕ್ಕೆ ಸಾಕ್ಷಿಯಾಗಿ ಒಂದು ಪತ್ರವನ್ನು ನಾಳೆ ಸಂಜೆಯೊಳಗೆ ಮೇಲ್ ಮಾಡಿ, ಬರುವಾಗ ಕಾಲೇಜಿನಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ತನ್ನಿ ಎಂದಿದ್ದರು.

ಹಾಗಂತ ಅವಳು ಅಲ್ಲಿ ಆಡಿದ್ದೆಲ್ಲ ಸುಳ್ಳಲ್ಲ. ಡಿಗ್ರಿ ಮುಗಿದ ಮೇಲೆ ನಾಲ್ಕು ವರ್ಷದಿಂದ ನಾಟಿ ಗುಂಪುಗಳ ಕೆಲಸವನ್ನು ನಡೆಸುತ್ತಿರುವವಳು ಅವಳೇ. ಅಮ್ಮಿ ಸುಭಾನಬಿ ಹದಿನಾಲ್ಕು ಹೆಂಗಸರ ಒಂದು ಗುಂಪಿನ ಮುಂದಾಳು. ಮೊದಲೆಲ್ಲ ಯಾವ ರೈತನ ಗದ್ದೆಗೆ ಯಾವತ್ತು ಹೋಗಬೇಕು ಎಂಬುದು ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಬಾಯಿಮಾತಿನಲ್ಲಿ ತೀರ್ಮಾನವಾಗಿ, ಒಂದೇ ದಿನ ಇಬ್ಬರಿಗೆ ಒಪ್ಪಿಕೊಂಡು ಜಗಳವಾಗುತ್ತಿತ್ತು. ನಸ್ರೀನ್ ಫೋನು ಹಿಡಿದಳು. ಎಲ್ಲಿ ನೀರು ಬಂದಿದೆ, ಎಲ್ಲಿ ಸಸಿ ಬಲಿತಿದೆ, ಯಾವ ಗಾಡಿ ಯಾವ ದಾರಿಯಲ್ಲಿ ಹೋದರೆ ಎರಡು ಗುಂಪನ್ನು ಇಳಿಸಬಹುದು ಎಂಬುದೆಲ್ಲ ಅವಳ ತಲೆಯಲ್ಲಿ. ಒಂದು ಗುಂಪು ಹನ್ನೊಂದಾಯಿತು. ಸಂದರ್ಶನದಲ್ಲಿ ಅವಳು ಗುಂಪಿನ ಒಂದು ಕಟ್ಟಳೆಯನ್ನೂ ಹೇಳಿದ್ದಳು. ನಾಟಿಯಾದ ಮೂರನೆಯ ದಿನ ರೈತ ಗದ್ದೆ ಸುತ್ತುತ್ತಾನೆ. ಎಲ್ಲಾದರೂ ಸಸಿ ಕಿತ್ತು ತೇಲುತ್ತಿದ್ದರೆ ಇದು ಯಾರ ಸಾಲು ಎಂದು ಅವನು ಕೇಳಬಾರದು. ಕೇಳಿದರೂ ಯಾರೂ ಹೆಸರು ಹೇಳಬಾರದು. ಗುಂಪಿನ ಮುಂದಾಳು ಮುಂದೆ ಬಂದು "ನಂದರಿ ತಪ್ಪು" ಅನ್ನಬೇಕು, ಕಚ್ಚೆ ಬಿಗಿದು ನೀರಿಗಿಳಿದು ತಾನೇ ಮತ್ತೆ ಹಚ್ಚಬೇಕು. ಇಪ್ಪತ್ತು ವರ್ಷದಲ್ಲಿ ಅಮ್ಮಿ ಅದೆಷ್ಟು ಜನರ ತಪ್ಪನ್ನು ತನ್ನದೆಂದು ಒಪ್ಪಿಕೊಂಡಿದ್ದಾಳೋ ಅವಳಿಗೇ ಗೊತ್ತಿಲ್ಲ. ಇದನ್ನು ಕೇಳಿ ಸಂದರ್ಶನದ ಮೂವರೂ ಏನನ್ನೋ ಬರೆದುಕೊಂಡಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು.

ಲಿಂಗಸುಗೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಈ ದಾರಿಯಲ್ಲಿ ಮೂರು ವರ್ಷ ಓಡಾಡಿದವಳು ಅವಳು, ಪ್ರತಿ ತಿರುವೂ ಗೊತ್ತು, ಆದರೆ ಈ ತಿರುವುಗಳಲ್ಲಿ ಒಂದಾದರೂ ಪುಸ್ತಕ ತೆರೆದ ನೆನಪಿಲ್ಲ. ನಿಜ ಹೇಳಬೇಕೆಂದರೆ ಆ ಮೂರು ವರ್ಷದಲ್ಲಿ ಅವಳು ಮಾಡಿದ್ದು ಒಂದೇ ಕೆಲಸ: ಸುಖವಾಗಿದ್ದದ್ದು. ಗುರುಗುಂಟಾದಿಂದ ಬರುತ್ತಿದ್ದ ಗೆಳತಿ ಭಾರತಿ ಮತ್ತು ಅವಳು. ಬೆಳಿಗ್ಗೆ ಮೊದಲನೆಯ ಕ್ಲಾಸಿಗೆ ಹಾಜರಿ ಕೊಟ್ಟು, ಎರಡನೆಯದಕ್ಕೆ ಹಿಂದಿನ ಬಾಗಿಲಿನಿಂದ ಜಾರಿ, ಬಸ್‌ಸ್ಟ್ಯಾಂಡಿನ ಎದುರಿನ ಗಾಡಿಯಲ್ಲಿ ಮಿರ್ಚಿ ತಿಂದು, ಬಾಯಿ ಉರಿಯುತ್ತ, ಯಾವುದೋ ಊರಿನ ಬಸ್ ಹತ್ತಿ ಅದು ಹೋದಷ್ಟು ದೂರ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುವುದು. ಪಾಸ್ ಇತ್ತಲ್ಲ. ಕಂಡಕ್ಟರು "ಎಲ್ಲಿಗವಾ?" ಅಂದರೆ ಭಾರತಿ "ಎಲ್ಲಿಗೆ ಹೊಂಟೈತ್ರಿ ಇದು?" ಎಂದು ತಿರುಗಿ ಕೇಳುತ್ತಿದ್ದಳು, ಆಮೇಲೆ ಇಬ್ಬರೂ ಸೀಟಿನ ಕೆಳಗೆ ಬಿದ್ದುಬಿಡುವಷ್ಟು ನಗುತ್ತಿದ್ದರು. ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಯ ಹಿಂದಿನ ದಿನ ಭಾರತಿಯ ಅಕ್ಕನಿಗೆ ಮೆಹಂದಿ ಹಾಕುತ್ತ ಕೂತಿದ್ದಳು. ಫೇಲಾದಳು. ಮತ್ತೆ ಕಟ್ಟಿದಳು, ಮತ್ತೆ ಫೇಲಾದಳು, ಮೂರನೆಯ ಸಲ ಮೂವತ್ತೈದು. ಬಡತನ ಇತ್ತು, ಇಲ್ಲವೆಂದಲ್ಲ. ಆದರೆ ಆ ಬಡತನ ಅವಳ ಪುಸ್ತಕದ ಮೇಲೆ ಕೂತಿರಲಿಲ್ಲ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮಗಳ ಪಾಲನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮಗಳು ಏಳುವ ಮೊದಲೇ ಅಮ್ಮಿ ಗಾಡಿ ಹತ್ತಿ ಸಿಂಧನೂರು ಕಡೆಗೆ ಹೋಗಿರುತ್ತಿದ್ದಳು. ಆ ಮೂರು ವರ್ಷದಲ್ಲಿ ಗದ್ದೆಗೆ ನಸ್ರೀನ್ ಹೋದದ್ದು ಒಂದೇ ಒಂದು ದಿನ, ರಜೆಯಲ್ಲಿ, ಅದೂ ಬೇವಿನ ಮರದ ಕೆಳಗೆ ನಿದ್ದೆ ಮಾಡಿ ಬಂದಿದ್ದಳು.

ಕಾಲೇಜಿನಲ್ಲಿ ಕೌಂಟರಿನ ಕ್ಲರ್ಕು ಅವಳ ಅರ್ಜಿ ತೆಗೆದುಕೊಂಡು, ಹಳೆಯ ರಿಜಿಸ್ಟರ್ ತಿರುವಿ, ತನ್ನಷ್ಟಕ್ಕೆ ಓದಿಕೊಳ್ಳುವ ಬದಲು ಇಡೀ ವರಾಂಡಕ್ಕೆ ಕೇಳುವಂತೆ ಓದಿದ. "ಸ್ಟ್ಯಾಟಿಸ್ಟಿಕ್ಸ್ ಹನ್ನೊಂದು. ಮತ್ತ ಸ್ಟ್ಯಾಟಿಸ್ಟಿಕ್ಸ್ ಹತ್ತೊಂಬತ್ತು. ಏನವಾ, ಮೆಟ್ಟಲಾ ಹತ್ತಿದಂಗ ಹತ್ತೀದಿ!" ಹಿಂದೆ ಸಾಲಿನಲ್ಲಿ ನಿಂತಿದ್ದ ಹುಡುಗಿಯರು ಕಿಸಕ್ಕೆಂದರು. ನಸ್ರೀನಳ ಕಿವಿ ಬಿಸಿಯಾಯಿತು. ನಾನು ಎಲ್ಲಿಗೆ ಹೋಗುತ್ತಿದ್ದೇನೆ ಗೊತ್ತೇನು ಎಂದು ಕೂಗಿ ಹೇಳಬೇಕು ಅನ್ನಿಸಿತು, ಹೇಳಿದರೆ ಹನ್ನೊಂದು ಹತ್ತೊಂಬತ್ತರ ಪಕ್ಕದಲ್ಲಿ ಅದು ಇನ್ನಷ್ಟು ನಗೆಪಾಟಲಾಗುತ್ತದೆ ಅನ್ನಿಸಿ ಸುಮ್ಮನಾದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ "ಆಕಿನ್ನ ಹಂಗ ನಿಂದ್ರಸಬ್ಯಾಡೋ, ದೊಡ್ಡ ಮನಿಶಾಳು ಆಗ್ಯಾಳ ಈಗ" ಎಂದರು. ಹನ್ನೊಂದು ಕೊಟ್ಟವರೂ, ಹತ್ತೊಂಬತ್ತು ಕೊಟ್ಟವರೂ, ಕೊನೆಗೆ ಮೂವತ್ತೈದು ಕೊಟ್ಟವರೂ ಅವರೇ, ಪಂಪಣ್ಣ ಸರ್. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಹೇಳಿ, ಕಂಡಕಂಡವರಿಗೆಲ್ಲ "ನಮ್ಮ ಸ್ಟುಡೆಂಟ್" ಎಂದು ಪರಿಚಯ ಮಾಡಿಕೊಟ್ಟರು. ಹುಡುಗಿಯರು ಈಗ ಬೇರೆ ಕಣ್ಣಿನಿಂದ ನೋಡುತ್ತಿದ್ದರು. ನಸ್ರೀನ್ ಉಬ್ಬಿದಳು, ಉಬ್ಬುವುದಕ್ಕೆ ಕಾರಣವೂ ಇತ್ತಲ್ಲ, ಎರಡು ವರ್ಷ ಫೋನಿನ ಪರದೆಯ ಮೇಲೆ ಕಣ್ಣು ಕೀಲಿಸಿಕೊಂಡು ತಾನೇ ಓದಿದ್ದು ಅದು, ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ.

"ನಿಮ್ಮ ತಾಯಿಗೆ ಭಾಳ ಖುಷಿ ಆಗಿರಬೇಕಲ್ಲ?" ಎಂದರು ಪಂಪಣ್ಣ ಸರ್. "ಪಾಪ, ಆವತ್ತ ಬಂದು ಅತ್ತಿದ್ಳು ನೋಡು."

"ನಮ್ಮ ಅಮ್ಮೀ? ಇಲ್ಲಿಗೆ?"

"ನಿಂಗ ಹೇಳಿಲ್ಲೇನು? ನೀ ಎರಡನೇ ಸಲ ಫೇಲಾದಾಗ. ಸೀರೀಗೆ ಕೆಸರಾಗಿತ್ತು, ಗದ್ದಿಯಿಂದ ಸೀದಾ ಬಂದಿದ್ಳು ಕಾಣತೈತಿ. ಒಳಗ ಬರ್ರಿ ಅಂದ್ರೂ ಬರಲಿಲ್ಲ, ನೆಲ ಹೊಲಸಾಗತೈತಿ ಅಂತ ವರಾಂಡದಾಗ ನಿಂತಳು. ಸರ, ಆಕೀದು ತಪ್ಪಿಲ್ರಿ, ತಪ್ಪು ನಂದರಿ ಅಂದ್ಳು. ನಾ ಹೊತ್ತು ಹುಟ್ಟೋದರಾಗ ಹೋಗತೀನಿ, ಮನೀ ಕೆಲಸೆಲ್ಲಾ ಆಕೀ ಮ್ಯಾಲೆ ಬೀಳತೈತಿ, ಓದಾಕ ನಾನs ಬಿಡವಲ್ಲೆ, ಆಕಿಗೇನೂ ಅನಬ್ಯಾಡ್ರಿ, ಅಂದ್ರ ನನಗ ಅನ್ರಿ ಅಂತ. ನಾ ಏನಂತ ಅನ್ಲಿ? ಆಯ್ತವಾ ಹೋಗು ಅಂದೆ. ಅದಕ್ಕs ನಿಂಗ ಆಮ್ಯಾಲೆ ಒಂದಿನಾನೂ ಬೈದಿಲ್ಲ ನೋಡು."

ನಸ್ರೀನ್ ಚಹಾದ ಲೋಟ ಕೆಳಗಿಟ್ಟಳು. ಮನೆಕೆಲಸ ಎಂದರೆ ಯಾವುದು? ಸಂಜೆ ಅಂಗಳ ಗುಡಿಸಿ ಒಲೆಯ ಮೇಲೆ ಅನ್ನ ಇಡುವುದು. ಅಷ್ಟನ್ನೂ ಗೊಣಗುತ್ತ ಮಾಡುತ್ತಿದ್ದಳು. ಸಂದರ್ಶನದಲ್ಲಿ ತಾನು ಹೆಮ್ಮೆಯಿಂದ ಹೇಳಿದ ಆ ಕಟ್ಟಳೆ, ಅವರು ಬರೆದುಕೊಂಡ ಆ ಮಾತು, ಇದೇ ವರಾಂಡದಲ್ಲಿ ಕೆಸರುಗಾಲಿನಲ್ಲಿ ನಿಂತು ತನ್ನ ಸಲುವಾಗಿ ಆಡಿದ ಮಾತೂ ಆಗಿತ್ತು. ತೇಲಿದ್ದು ತನ್ನ ಸಾಲು. ಅಮ್ಮಿ ಅದನ್ನು ಸುಮ್ಮನೆ ಬಾಯಿಮಾತಿಗೆ ಅಂದದ್ದಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಆಕೆ ಅದನ್ನು ನಂಬಿದ್ದಾಳೆ. ಆವತ್ತಿನಿಂದ ಇವತ್ತಿನವರೆಗೆ ನಂಬಿಕೊಂಡೇ ಬದುಕಿದ್ದಾಳೆ. ಫಲಿತಾಂಶ ಬಂದಾಗೆಲ್ಲ ಅಮ್ಮಿ ಮುಖ ಕೆಳಗೆ ಹಾಕಿ ಪಾತ್ರೆ ಜೋಡಿಸುತ್ತಿದ್ದದ್ದು ನೆನಪಾಯಿತು. ಅದನ್ನು ಸಿಟ್ಟು ಎಂದುಕೊಂಡಿದ್ದಳು. ಸಿಟ್ಟಾದರೆ ಸಂಜೆಗೆ ಇಳಿಯುತ್ತದೆ ಎಂದುಕೊಂಡು ಆರಾಮಾಗಿ ಫೋನು ನೋಡುತ್ತ ಮಲಗಿದ್ದಳು. ಪಂಪಣ್ಣ ಸರ್ ಇನ್ನೂ ಏನೋ ಹೇಳುತ್ತಿದ್ದರು, ಅಲ್ಲಿಯೂ ಸ್ಟ್ಯಾಟಿಸ್ಟಿಕ್ಸ್ ಇರುತ್ತದೆ, ಹುಷಾರು ಎಂದೇನೋ. ಅವಳು ಅಷ್ಟರಲ್ಲಿ ಕ್ಲರ್ಕು ತಂದುಕೊಟ್ಟ ಲಕೋಟೆ ಎದೆಗೊತ್ತಿಕೊಂಡು, ಅವರ ಕಾಲು ಮುಟ್ಟಲು ಹೋಗಿ, ಅವರು ಬೇಡವೆಂದು ಹಿಂದೆ ಸರಿದು, ಇಬ್ಬರೂ ಗಲಿಬಿಲಿಯಾಗಿ, ಕೊನೆಗೆ ಕೈಮುಗಿದು ಹೊರಗೆ ಬಂದಳು.

ವಾಪಸಿನ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಿತು. ಅದೇ ಬಸ್ಸು ಸಿಂಧನೂರಿಗೆ ಹೋಗುವಂಥದ್ದು, ಅವಳು ಇಳಿಯಬೇಕಾಗಿರಲಿಲ್ಲ. ಕಿಟಕಿಯ ಹೊರಗೆ ಸೌತೆಕಾಯಿ ಮಾರುವವರು, ಒಳಗೆ ಇಂಜಿನಿನ ನಡುಕ. ಚೀಲದಿಂದ ಆ ಹಾಳೆಯನ್ನು ತೆಗೆದು ಇನ್ನೊಮ್ಮೆ ಓದಿದಳು. ನರಸಣ್ಣ ಮಾವನಿಗೆ ತೋರಿಸಿದರೆ ಸಹಿ ಮಾಡುತ್ತಾನೆ, ಅದರಲ್ಲಿ ಅನುಮಾನವೇ ಇಲ್ಲ. ಅವನ ಗದ್ದೆ ಮೂಲೆಯಲ್ಲಿದ್ದರೂ ಗಾಡಿ ತಪ್ಪದಂತೆ ನೋಡಿಕೊಂಡವಳು ಅವಳು. ಆದರೆ ಇವತ್ತು ಅಮ್ಮಿಯ ಗುಂಪು ಅವನ ಗದ್ದೆಯಲ್ಲೇ ಇದೆ, ಅವನು ಸಹಿ ಮಾಡಿದರೆ ಅಮ್ಮಿಯ ಎದುರೇ ಮಾಡುತ್ತಾನೆ, ಏನದು ಎಂದು ಅಮ್ಮಿ ಕೇಳುತ್ತಾಳೆ, ಓದಿ ಹೇಳುತ್ತಾನೆ. ಆಗ ಅಮ್ಮಿ ಏನನ್ನುತ್ತಾಳೆ ಎಂಬುದೂ ಗೊತ್ತು: ಹೌದ್ರಿ ನರಸಣ್ಣಾ, ಖರೇ ಐತಿ, ಮಾಡ್ರಿ ಸಹಿ. ಮಗಳ ಸುಳ್ಳನ್ನೂ ತನ್ನದೇ ಎಂದು ಹೊತ್ತುಕೊಳ್ಳುತ್ತಾಳೆ. ಮೂರು ವರ್ಷ ಅನ್ನಕ್ಕೆ ಆಕೆಯ ಬೆನ್ನು, ಈಗ ನೆಪಕ್ಕೂ ಆಕೆಯ ಬೆನ್ನೇ. ಡ್ರೈವರ್ ಬೀಡಿ ಎಸೆದು ಹತ್ತಿದ. ನಸ್ರೀನ್ ಫೋನು ತೆಗೆದು, ಎರಡು ವರ್ಷ ಕಷ್ಟಪಟ್ಟು ಕಲಿತ ಇಂಗ್ಲಿಷಿನಲ್ಲಿ ಸ್ಕೂಲಿನವರಿಗೆ ಆರೇ ಸಾಲು ಬರೆದಳು. ಗದ್ದೆಯಲ್ಲಿ ದುಡಿದವಳು ನನ್ನ ತಾಯಿ, ನಾನಲ್ಲ. ಅಂಕ ಕಡಿಮೆಯಾದದ್ದು ನಾನು ಓದದೇ ಇದ್ದದ್ದಕ್ಕೆ. ನಾಲ್ಕು ವರ್ಷದಿಂದ ಗುಂಪುಗಳನ್ನು ನಡೆಸುತ್ತಿರುವುದು ಮಾತ್ರ ನಿಜ. ತಪ್ಪಾಯಿತು. ಮತ್ತೆ ಓದಿದರೆ ಕಳಿಸಲಾರೆ ಎಂದು ತಿಳಿದು, ಓದದೇ ಕಳಿಸಿದಳು. ಕಳಿಸಿದ ಕೂಡಲೇ ಅಬ್ಬಾ ಬರೆದ ಬಿಳಿಯ ಎಂ.ಬಿ.ಎ. ಕಣ್ಣಿಗೆ ಕಟ್ಟಿತು. ಸೀಟು ಹೋದರೆ ಆ ಸುದ್ದಿ ಅಮ್ಮಿಗೆ ಬೇರೆಯವರಿಂದ ಗೊತ್ತಾಗಬಾರದು, ನಾನೇ ಹೋಗಿ ಹೇಳಬೇಕು, ಇವತ್ತೇ ಎಂದುಕೊಂಡಳು. ಹೆದರಿಕೆಯಾಗಿತ್ತು, ಆದರೂ ಹನ್ನೆರಡು ದಿನದಲ್ಲಿ ಮೊದಲ ಸಲ ಹಸಿವಾಯಿತು, ಕಿಟಕಿಯಿಂದ ಕೈ ಚಾಚಿ ಎರಡು ಸೌತೆಕಾಯಿ ತೆಗೆದುಕೊಂಡಳು.

ಸಿಂಧನೂರಿನಲ್ಲಿ ಇಳಿದು ಟಂಟಂ ಆಟೊ ಹಿಡಿದು ಮುಕ್ಕುಂದ ಸೇರುವ ಹೊತ್ತಿಗೆ ಮೂರು ಗಂಟೆ. ಕಾಲುವೆಗೆ ನೀರು ಬಿಡಲು ಇನ್ನೂ ದಿನಗಳಿದ್ದವು. ನದಿಯಿಂದ ಪಂಪಿನಲ್ಲಿ ನೀರೆತ್ತುವ ನರಸಣ್ಣನಂಥವರ ಗದ್ದೆಗಳಲ್ಲಿ ಮಾತ್ರ ನಾಟಿ ಶುರುವಾಗಿತ್ತು. ಕಲಸಿದ ಮಣ್ಣಿನ ಮೇಲೆ ತೆಳ್ಳಗೆ ನೀರು, ನೀರಿನಲ್ಲಿ ಆಕಾಶ, ಆಕಾಶದ ಮೇಲೆ ಹದಿನಾಲ್ಕು ಹೆಂಗಸರು ಬಗ್ಗಿ ಹಿಂದೆ ಹಿಂದೆ ಸರಿಯುತ್ತಿದ್ದರು. ಈ ಸರಿಯುವ ಲಯವನ್ನು ಅವಳು ನೂರು ಸಲ ನೋಡಿದ್ದಳು, ಫೋಟೋ ತೆಗೆದು ರೈತರಿಗೆ ಕಳಿಸಿದ್ದಳು. ಇವತ್ತು ನೋಡಿದಾಗ ಅಮ್ಮಿಯ ಸೊಂಟ ಉಳಿದವರಿಗಿಂತ ನಿಧಾನವಾಗಿ ಏಳುತ್ತದೆ ಎಂಬುದು ಕಂಡಿತು. ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದ ನರಸಣ್ಣ ಅವಳನ್ನು ಕಂಡವನೇ ಎದ್ದ.

"ಬಾರವಾ ಮೇಡಮ್ಮಾ! ಏನೋ ಸಹಿ ಬೇಕಂದಿದ್ದೆಲ್ಲ ಫೋನಿನಾಗ, ತಾ ಇಲ್ಲಿ. ನಂದೂ ಮಾಡತೀನಿ, ಬೇಕಂದ್ರ ಸತ್ತುಹೋದ ನಮ್ಮಪ್ಪಂದೂ ಮಾಡತೀನಿ."

"ಬ್ಯಾಡ್ರಿ ಮಾವಾ. ಈಗ ಬೇಕಾಗಿಲ್ಲ."

"ಪೆನ್ನು ಸೈತ ತಂದೀನಲ್ಲವಾ!" ಎಂದು ಅವನು ನಿರಾಶೆಯಿಂದ ಜೇಬಿನ ಪೆನ್ನನ್ನು ಮುಟ್ಟಿಕೊಂಡ.

ಅಷ್ಟರಲ್ಲಿ ಫೋನು ರಿಂಗಾಯಿತು. ಪರಿಚಯವಿಲ್ಲದ ನಂಬರು, ದೂರದ ಊರಿನದು. ನಸ್ರೀನ್ ಬದುವಿನಲ್ಲಿ ನಾಲ್ಕು ಹೆಜ್ಜೆ ಓಡಿ, ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು, ಒಂಟಿ ಚಪ್ಪಲಿಯಲ್ಲಿ ನಿಂತು ಮಾತಾಡಿದಳು. ಪ್ರವೇಶ ವಿಭಾಗದ ಹೆಣ್ಣುಮಗಳೊಬ್ಬಳು. ನಿಮ್ಮ ಮೇಲ್ ಓದಿದ್ದೇವೆ, ಸಮಿತಿಯ ಮುಖ್ಯಸ್ಥರು ಪಕ್ಕದಲ್ಲೇ ಇದ್ದಾರೆ, ಒಂದೇ ಪ್ರಶ್ನೆ ಕೇಳಲು ಹೇಳಿದ್ದಾರೆ: ಇವತ್ತು ನಿಮ್ಮ ಗುಂಪುಗಳು ಎಲ್ಲೆಲ್ಲಿವೆ? ನಸ್ರೀನ್ ಉಸಿರೆಳೆದುಕೊಂಡಳು. ಮುಕ್ಕುಂದದಲ್ಲಿ ಮೂರು, ಅದರಲ್ಲಿ ಒಂದು ನಾಲ್ಕು ಗಂಟೆಗೆ ಮುಗಿಸಿ ನದಿಯ ಮೇಲ್ದಂಡೆಗೆ ಹೋಗುತ್ತದೆ. ಪಕ್ಕದ ಊರಿನಲ್ಲಿ ಎರಡು, ಪಂಪು ಕೆಟ್ಟಿದ್ದರಿಂದ ಅದರಲ್ಲಿ ಒಂದನ್ನು ಬೆಳಿಗ್ಗೆ ಸಸಿ ಕೀಳಲು ಕಳಿಸಿದ್ದೇನೆ. ಉಳಿದ ಆರು ಗುಂಪಿಗೆ ಇವತ್ತು ಕೆಲಸವಿಲ್ಲ, ಕಾಲುವೆಗೆ ನೀರು ಬಂದ ಮರುದಿನ ಒಟ್ಟಿಗೆ ಬೇಕಾಗುತ್ತಾರೆ, ಈಗಲೇ ದಣಿಸಬಾರದೆಂದು ಮನೆಯಲ್ಲಿ ಇರಿಸಿದ್ದೇನೆ. ತಡವರಿಸಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಆ ಹೆಣ್ಣುಮಗಳು ಹೇಳಿದಳು, ಅಂಕ ಕಡಿಮೆಯಾದದ್ದಕ್ಕೆ ನೀವು ಹೇಳಿದ ಕಾರಣಕ್ಕಾಗಿ ನಾವು ನಿಮಗೆ ಹೆಚ್ಚಿಗೆ ಏನನ್ನೂ ಕೊಟ್ಟಿರಲಿಲ್ಲ, ಆದ್ದರಿಂದ ಕಳೆಯುವುದಕ್ಕೂ ಏನಿಲ್ಲ. ನಿಮ್ಮ ಮೇಲ್ ಕಡತದಲ್ಲಿ ಇರುತ್ತದೆ. ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದಿದ್ದಾರೆ. ಹದಿನೆಂಟನೆಯ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ.

ಫೋನು ಇಟ್ಟ ಮೇಲೆ ನಸ್ರೀನಳಿಗೆ ಕುಣಿಯಬೇಕು ಅನ್ನಿಸಿತು. ಸೀಟು ಉಳಿಯಿತು, ಸುಳ್ಳು ಹೋಯಿತು, ಗದ್ದೆ ಪೂರ್ತಿ ಬೆಳಕು. ಕೆಸರಿನಿಂದ ಚಪ್ಪಲಿ ಕಿತ್ತುಕೊಳ್ಳುತ್ತಿದ್ದಾಗ, ಆ ಸಂತೋಷದ ಅಂಚಿನಲ್ಲೇ ಒಂದು ಸಣ್ಣ ಯೋಚನೆ ತಲೆಯೆತ್ತಿತು: ಹಾಗಾದರೆ ಅಮ್ಮಿಗೆ ಹೇಳುವ ಅಗತ್ಯವೇನಿದೆ? ಬೇಕಾದವರಿಗೆ ಗೊತ್ತಾಯಿತು, ಕ್ಷಮಿಸಿದರು, ಮುಗಿಯಿತು. ಇನ್ನು ಹದಿನೈದು ದಿನಕ್ಕೆ ಹೊರಡುವವಳು. ತಾನು ಕಷ್ಟದಲ್ಲಿ ಓದಿದ ಮಗಳು ಎಂದು ಅಮ್ಮಿ ಅಂದುಕೊಂಡಿದ್ದರೆ ಅಂದುಕೊಳ್ಳಲಿ, ಅದರಿಂದ ಯಾರಿಗೇನು ನಷ್ಟ? ಈ ಯೋಚನೆ ಎಷ್ಟು ಮೆತ್ತಗಿತ್ತೆಂದರೆ ಅವಳು ಅದರ ಮೇಲೆ ಆಗಲೇ ಕೂತುಬಿಟ್ಟಿದ್ದಳು. ಹೆಂಗಸರು ಚಹಾಕ್ಕೆಂದು ಬದುವಿಗೆ ಹತ್ತುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದ ಶೇಖಮ್ಮ, ಗುಂಪಿನಲ್ಲೇ ಬಾಯಿ ಜೋರಿನವಳು, ಕೆಸರು ಕೈಯಲ್ಲೇ ನಸ್ರೀನಳ ಗಲ್ಲ ಹಿಂಡಿದಳು.

"ಏನಬೇ, ನಮ್ಮನ್ನೆಲ್ಲಾ ಬಿಟ್ಟು ಹೊಂಟಿ? ಇನ್ನ ಮ್ಯಾಲೆ ನಮಗ ಗಾಡಿ ಹಚ್ಚೋರು ಯಾರು?"

"ಅಲ್ಲಿ ಕುಂತು ಹಚ್ಚತೀನಿ ಬಿಡು ದೊಡ್ಡಮ್ಮಾ. ಫೋನೈತಲ್ಲ."

ಅಮ್ಮಿ ಕೊನೆಯಲ್ಲಿ ಬಂದಳು. ಮೊಣಕಾಲಿನವರೆಗೆ ಕೆಸರು, ಸೆರಗು ಸೊಂಟಕ್ಕೆ ಬಿಗಿದಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಗಳನ್ನು ನೋಡಿ ಮುಖ ಅರಳಿಸಿದಳು. ಲಕೋಟೆಯನ್ನು ಕಂಡು, ಮುಟ್ಟಿದರೆ ಕೆಸರಾಗುತ್ತದೆಂದು ಕೈ ಹಿಂದೆ ಕಟ್ಟಿಕೊಂಡಳು.

"ಮಾರ್ಕ್ಸ್ ಕಾರ್ಡೇನು?"

"ಹೂಂ."

"ನೋಡ್ರೇ" ಎಂದು ಅಮ್ಮಿ ಹೆಂಗಸರ ಕಡೆ ತಿರುಗಿದಳು. ಧ್ವನಿ ಹೆಮ್ಮೆಯಿಂದಲೇ ಶುರುವಾಯಿತು. "ಅಷ್ಟರಾಗೂ ಗೆದ್ಲು ನನ್ನ ಮಗಳು. ನಾ ಒಬ್ಬಾಕಿ ಮನ್ಯಾಗ ಇದ್ದಿದ್ರ ಇನ್ನೆಷ್ಟು ಮಾರ್ಕ್ಸ್ ತರತಿದ್ಳೋ ಏನೋ. ಒಂದಿನ ಕುಂತು ಓದಾಕ ಬಿಡಲಿಲ್ಲ ನಾ. ಅಷ್ಟೊಂದು ಶಾಣ್ಯಾ ಹುಡುಗಿ, ನನ್ನ ಸಲುವಾಗಿ..." ಚಹಾದ ಲೋಟ ತೆಗೆದುಕೊಳ್ಳುವ ನೆಪದಲ್ಲಿ ಅಮ್ಮಿ ಆ ಕಡೆ ಬಗ್ಗಿದಳು, ಶೇಖಮ್ಮ "ಹೋಗಲಿ ಬಿಡs, ಈಗ್ಯಾಕ" ಎಂದಳು. ಈ ಮಾತು ಈ ಬದುವಿನ ಮೇಲೆ ಇದೇ ಮೊದಲ ಸಲ ಆಡಿದ್ದಲ್ಲ ಎಂದು ಶೇಖಮ್ಮ ಸಮಾಧಾನ ಮಾಡಿದ ರೀತಿಯಲ್ಲೇ ನಸ್ರೀನಳಿಗೆ ತಿಳಿಯಿತು. ಎಷ್ಟು ವರ್ಷ ಆಡಿದ್ದಾಳೋ. ಎಷ್ಟು ಸಸಿಗೊಮ್ಮೆ ಮನಸ್ಸಿನಲ್ಲಿ ಅಂದುಕೊಂಡಿದ್ದಾಳೋ. ಯಾರಿಗೇನು ನಷ್ಟ ಎಂದು ಕೇಳಿಕೊಂಡಿದ್ದಳಲ್ಲ, ನಷ್ಟ ಇಲ್ಲಿ ಕೆಸರು ಕಾಲಿನಲ್ಲಿ ನಿಂತು ಚಹಾ ಹೀರುತ್ತಿತ್ತು.

"ಅಮ್ಮೀ, ನಾ ಓದಲಿಲ್ಲ" ಎಂದಳು ನಸ್ರೀನ್.

"ಎಲ್ಲಿಂದ ಓದತಿ, ನಾ ಎಲ್ಲಿ ಬಿಟ್ಟೆ..."

"ಅದಲ್ಲಮ್ಮೀ. ನೀ ಬಿಟ್ಟಿದ್ದಿ. ನಾನs ಓದಲಿಲ್ಲ. ಕ್ಲಾಸಿಗೆ ಹೋಗತಿದ್ದಿಲ್ಲ. ಭಾರತಿ ಕೂಡ ಮಿರ್ಚಿ ತಿಂದ್ಕೋತ ತಿರುಗತಿದ್ದೆ. ಬಸ್ ಹತ್ತಿ ಎಲ್ಲಿ ಬೇಕಂದಲ್ಲಿ ಹೋಗತಿದ್ದಿವಿ, ಪಾಸ್ ಇತ್ತು. ಪರೀಕ್ಷಾ ಮುಂದ ಮೆಹಂದಿ ಹಾಕ್ಕೋತ ಕುಂತಿದ್ದೆ. ಮೂರು ವರ್ಷ ಬರೇ ಮಜಾ ಮಾಡೀನಿ. ಈ ಸಾಲಿಯವರಿಗೂ ಸುಳ್ಳು ಹೇಳಿದ್ದೆ, ನಿನ್ನ ಕೂಡ ನಾಟಿಗೆ ಬರತಿದ್ದೆ ಅಂತ. ಇವತ್ತ ಖರೇದು ಹೇಳೀನಿ. ಸೀಟ್ ಐತಿ, ಹೋಗಿಲ್ಲ. ಆದ್ರ ನಿನ್ನಿಂದ ಏನೂ ಆಗಿಲ್ಲಮ್ಮೀ. ಒಂದು ಮಾರ್ಕ್ಸೂ ನಿನ್ನಿಂದ ಹೋಗಿಲ್ಲ."

ನರಸಣ್ಣ ಕೊಡೆಯನ್ನು ಮಡಚಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅಮ್ಮಿ ಲೋಟವನ್ನು ಬದುವಿನ ಮೇಲಿಟ್ಟಳು. ನಸ್ರೀನ್ ಏಟಿಗೆ ತಯಾರಾಗಿ ನಿಂತಳು. ಹೊಡೆದರೆ ಹೊಡೆಯಲಿ, ಹದಿನಾಲ್ಕು ಜನರ ಎದುರಿಗೇ ಹೊಡೆಯಲಿ. ಅಮ್ಮಿ ಹತ್ತಿರ ಬಂದು ಅವಳ ಮುಖವನ್ನು, ಮಾರುವವನು ಕೊಟ್ಟ ಕಾಳಿನಲ್ಲಿ ಕಲ್ಲು ಹುಡುಕುವ ಹಾಗೆ, ಇಡೀ ಮುಖವನ್ನು ನೋಡಿದಳು.

"ಸಚ್ಚೀ?" ಎಂದಳು ಮನೆಯ ಮಾತಿನಲ್ಲಿ, ಪಿಸುಗುಟ್ಟಿ.

"ಸಚ್ಚೀ."

"ನನ್ನ ಸಲುವಾಗಿ ಅಲ್ಲ?"

"ಅಲ್ಲ."

"ಇನ್ನೊಂದ ಸಲ ಹೇಳು."

"ನಾ ಓದಲಿಲ್ಲಮ್ಮೀ. ಉಂಡಾಡಿ ಹಂಗ ತಿರುಗಿದೆ. ಅಷ್ಟs."

ಅಮ್ಮಿ ಮೊದಲು ಬೈದಳು, ಹಡಿಬಿಟ್ಟಿ ಎಂದಳು, ನಾ ಕಟ್ಟಿಟ್ಟ ರೊಟ್ಟಿ ತಿಂದು ಮ್ಯಾಲೆ ಮಿರ್ಚಿ ತಿಂತಿದ್ದೇನು ಎಂದಳು, ಬೈಯುತ್ತ ಬೈಯುತ್ತಲೇ ಅವಳ ತುಟಿ ಅಲುಗಾಡಿ, ನಗು ಹೊಟ್ಟೆಯಿಂದ ಎದ್ದು ಬಂತು. ಹಾಗೆ ನಗುವುದನ್ನು ನಸ್ರೀನ್ ಯಾವತ್ತೂ ನೋಡಿರಲಿಲ್ಲ. ಸೀಟು ಸಿಕ್ಕ ದಿನವೂ ಅಮ್ಮಿ ಹೀಗೆ ನಕ್ಕಿರಲಿಲ್ಲ, ಅಂದು ಸುಮ್ಮನೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಈಗ ಕೆಸರು ಕೈಯಲ್ಲೇ ಮಗಳ ಎರಡೂ ಭುಜ ಹಿಡಿದು, ಬಿಳಿಯ ಕುಪ್ಪಸದ ಮೇಲೆ ಹತ್ತೂ ಬೆರಳು ಮೂಡಿಸಿ, ಪಕ್ಕದ ಗದ್ದೆಯ ಗುಂಪಿಗೂ, ಅದರಾಚೆಯ ಗುಂಪಿಗೂ ಕೇಳುವಂತೆ ಕೂಗಿದಳು.

"ಏ ಕೇಳ್ರೇ! ಕೇಳ್ರೇ ಎಲ್ಲಾರೂ! ನನ್ನ ಮಗಳು ತಾನs ಓದದs ಫೇಲ್ ಆಗಿದ್ಳಂತ! ನನ್ನಿಂದ ಅಲ್ಲಂತ!"